ದೂರದ ಓಟ, ಎಳೆಯ ಕಾಲುಗಳು: ತರಬೇತಿಯ ನೂರು ವರ್ಷ

ಅಮೆರಿಕದ ನಮ್ಮ ಕನ್ನಡ ಮನೆಗಳ ಮಕ್ಕಳು ಹೈಸ್ಕೂಲಿಗೆ ಕಾಲಿಟ್ಟ ಕೂಡಲೇ ಕ್ರಾಸ್ ಕಂಟ್ರಿ ತಂಡ ಸೇರುವುದು ಈಗ ಸಾಮಾನ್ಯ ಸಂಗತಿ. ಫುಟ್‌ಬಾಲಿಗೆ ಬೇಕಾದ ಗಾತ್ರ ಬೇಡ, ಬಾಸ್ಕೆಟ್‌ಬಾಲಿಗೆ ಬೇಕಾದ ಎತ್ತರ ಬೇಡ. ಒಂದು ಜೊತೆ ಬೂಟು, ಸಂಜೆ ಎರಡು ಗಂಟೆ ಬಿಡುವು ಇದ್ದರೆ ಸಾಕು. ಮೂರು ದಶಕಗಳ ಕಾಲ ಇಲ್ಲಿ ಕುಟುಂಬ ವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದ ನನ್ನನ್ನು ತಂದೆತಾಯಿಗಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಡಾಕ್ಟ್ರೇ, ವಾರಕ್ಕೆ ನಲವತ್ತು ಮೈಲಿ ಓಡಿಸ್ತಾರೆ. ಜಾಸ್ತಿ ಆಗಲ್ವಾ?"

ಪ್ರಶ್ನೆ ಸಹಜವಾದದ್ದೇ. ಆದರೆ ಕಳೆದ ನೂರು ವರ್ಷಗಳ ದೂರದ ಓಟದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅನ್ನಿಸಿರುವುದು ಇಷ್ಟು: ಎಳೆಯ ಓಟಗಾರರನ್ನು ಕೆಡಿಸಿದ್ದು ಮೈಲಿಗಳಷ್ಟೇ ಅಲ್ಲ. ಅಷ್ಟೇ ಮೈಲಿ ಓಡಿ ಆರೋಗ್ಯವಾಗಿ ಮುಪ್ಪು ಕಂಡವರಿದ್ದಾರೆ. ಅದಕ್ಕಿಂತ ಕಡಿಮೆ ಓಡಿ ಇಪ್ಪತ್ತಕ್ಕೇ ಮೂಳೆ ಮುರಿದುಕೊಂಡವರೂ ಇದ್ದಾರೆ. "ಇವತ್ತಿಗೆ ಸಾಕು" ಎನ್ನುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ನೋಡಿದರೆ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ. ಕೆಲವು ಊರುಗಳ, ಕೆಲವು ವರ್ಷಗಳ ಮೂಲಕ ಈ ಮಾತನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಮ್‌ಸ್ಟರ್‌ಡ್ಯಾಮ್: ಬೇಡವೆಂದು ಹೇಳಿದವರು ಯಾರು?

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿ 800 ಮೀಟರ್ ಓಟವಿತ್ತು. ಜರ್ಮನಿಯ ಲಿನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದರು. ಜಪಾನಿನ ಕಿನುಎ ಹಿತೋಮಿ ಎರಡನೆಯವರು. ಅಂತಿಮ ಓಟದಲ್ಲಿದ್ದ ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಮುಗಿಸಿದ ಮೇಲೆ ಕೆಲವರು ಹುಲ್ಲಿನ ಮೇಲೆ ಕುಳಿತರು, ಮಲಗಿದರು. ಜೋರಾಗಿ ಓಡಿದ ಗಂಡಸರೂ ಹಾಗೆಯೇ ಮಾಡುತ್ತಾರೆ. ಆದರೆ ಪತ್ರಿಕೆಗಳು ಹೆಂಗಸರು ಸಾಲುಸಾಲಾಗಿ ಕುಸಿದು ಬಿದ್ದರೆಂದು ಬರೆದವು. ಇಂತಹ ಓಟದಿಂದ ಹೆಣ್ಣು ಬೇಗ ಮುದಿಯಾಗುತ್ತಾಳೆ ಎಂದು ಅಭಿಪ್ರಾಯ ಕೊಟ್ಟ ವೈದ್ಯರೂ ಇದ್ದರು. ಫಲವಾಗಿ 1960ರ ರೋಮ್ ಕೂಟದವರೆಗೆ, ಅಂದರೆ 32 ವರ್ಷ, ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಇರಲೇ ಇಲ್ಲ.

ಕಠಿಣ ತರಬೇತಿಯ ಚರಿತ್ರೆಯನ್ನು ಓಡಬೇಡವೆಂದು ತಡೆದ ಕಥೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಓಡಲೇಬೇಕೆಂದು ಹಿಂಡುವವನೂ ಓಡಲೇಕೂಡದೆಂದು ತಡೆಯುವವನೂ ಒಂದು ಕೆಲಸವನ್ನು ಸಮಾನವಾಗಿ ಮಾಡುತ್ತಾರೆ: ಓಡುವವಳನ್ನು ಕೇಳುವುದಿಲ್ಲ. ಆ ತಪ್ಪಿನಲ್ಲಿ ನನ್ನ ವೃತ್ತಿಯ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಫ್ರೈಬರ್ಗ್: ಸ್ಟಾಪ್‌ವಾಚ್ ಮತ್ತು ನಾಡಿ

1930ರ ದಶಕದಲ್ಲಿ ಜರ್ಮನಿಯ ಕೋಚ್ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದ್ರೋಗ ತಜ್ಞ ಹರ್ಬರ್ಟ್ ರೈಂಡೆಲ್ ಜೊತೆಗೂಡಿ ರೂಪಿಸಿದ ಕ್ರಮಕ್ಕೆ ಇಂಟರ್ವಲ್ ಟ್ರೈನಿಂಗ್ ಎಂದು ಹೆಸರು. ಸ್ವಲ್ಪ ದೂರ ವೇಗವಾಗಿ ಓಡಬೇಕು, ನಾಡಿ ನಿಮಿಷಕ್ಕೆ 180ರ ಸುಮಾರಿಗೆ ಏರಬೇಕು, ಆಮೇಲೆ ವಿರಾಮ. ಸುಮಾರು 90 ಸೆಕೆಂಡುಗಳೊಳಗೆ ನಾಡಿ 120ಕ್ಕೆ ಇಳಿದರೆ ಮತ್ತೆ ಓಡಬಹುದು. ಇಳಿಯದಿದ್ದರೆ ಆ ದಿನದ ಪಾಠ ಹೆಚ್ಚಾಯಿತೆಂದು ಅರ್ಥ. ಗೆರ್ಷ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರ ಜುಲೈನಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿದರು. ಹಿಂದಿನ ದಾಖಲೆಗಿಂತ ಅದು 1.8 ಸೆಕೆಂಡು ಉತ್ತಮ. ಆ ದಾಖಲೆ 1955ರವರೆಗೆ ಉಳಿಯಿತು.

ಈ ಕ್ರಮದಲ್ಲಿ ವೈದ್ಯನಾದ ನನಗೆ ಮೆಚ್ಚುಗೆಯಾಗುವುದು ಓಟವಲ್ಲ, ವಿರಾಮ. "ಸಾಕು" ಎಂಬ ಮಾತನ್ನು ಅಲ್ಲಿ ಓಟಗಾರನ ನಾಡಿಯೇ ಹೇಳುತ್ತಿತ್ತು. ಕೋಚ್ ಅದನ್ನು ಕೇಳಲೇಬೇಕಿತ್ತು. ಇಂಟರ್ವಲ್ ಕ್ರಮ ಲೋಕವೆಲ್ಲ ಹರಡಿದಾಗ ಸುತ್ತುಗಳ ಲೆಕ್ಕ ಎಲ್ಲೆಡೆ ಹೋಯಿತು, ನಾಡಿ ಹಿಡಿದು ನೋಡುವ ಅಭ್ಯಾಸ ಎಲ್ಲೆಡೆ ಹೋಗಲಿಲ್ಲ. ಹತ್ತು ಸುತ್ತಿಗಿಂತ ಇಪ್ಪತ್ತು ಸುತ್ತು ಹಾಕಿಸಿದವನೇ ದೊಡ್ಡ ಕೋಚ್ ಎಂಬ ಭಾವನೆ ಬೆಳೆಯಿತು.

ಆಕ್ಲೆಂಡ್: ವಾರಕ್ಕೆ ನೂರು ಮೈಲಿ

ಮೈಲಿಗಳೇ ಅಪಾಯವೆನ್ನುವುದಾದರೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಲ್ಲರಿಗಿಂತ ಕ್ರೂರಿ ಎನ್ನಬೇಕು. ಆಕ್ಲೆಂಡಿನಲ್ಲಿ ಬೂಟು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಹಾಲು ಹಾಕುವ ಕೆಲಸವನ್ನೂ ಮಾಡಿದ್ದ ಮನುಷ್ಯ ಇವರು. ಅಕ್ಕಪಕ್ಕದ ಬೀದಿಗಳ ಹುಡುಗರನ್ನು ವಾರಕ್ಕೆ 100 ಮೈಲಿ, ಅಂದರೆ 160 ಕಿ.ಮೀ. ಓಡಿಸಿದರು. ಅದರಲ್ಲಿ ಗುಡ್ಡ ಹತ್ತಿಳಿಯುವ 22 ಮೈಲಿಯ ಒಂದು ಓಟವೂ ಇರುತ್ತಿತ್ತು. 1960ರ ಸೆಪ್ಟೆಂಬರ್ 2ರಂದು ರೋಮ್‌ನಲ್ಲಿ, ಒಂದೇ ಗಂಟೆಯೊಳಗೆ, ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಚಿನ್ನ ಗೆದ್ದರು. ಹಾಲ್ಬರ್ಗ್ ಅವರ ಎಡಗೈ ರಗ್ಬಿ ಆಟದ ಪೆಟ್ಟಿನಿಂದ ಸೊರಗಿತ್ತು. ಅದೇ ಕೂಟದ ಮ್ಯಾರಥಾನ್‌ನಲ್ಲಿ ಬ್ಯಾರಿ ಮ್ಯಾಗಿ ಕಂಚು ಪಡೆದರು.

ಲಿಡಿಯಾರ್ಡ್ ಮೃದು ಸ್ವಭಾವದವರೇನಲ್ಲ, ನೇರ, ಹಠಮಾರಿ. ಆದರೆ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ನೂರು ಮೈಲಿಯನ್ನು ಅವರು ವರ್ಷಗಟ್ಟಲೆ ತಮ್ಮ ಮೇಲೆಯೇ ಪ್ರಯೋಗಿಸಿ ನೋಡಿದ್ದರು. ಎರಡನೆಯದು, ಅವರ ಶಿಷ್ಯರಿಗೆ ಓಟದ ಆಚೆಗೆ ಬದುಕಿತ್ತು, ತಮ್ಮದೇ ದುಡಿಮೆಯಿತ್ತು. ಸಂಜೆ ಮನೆಗೆ ಹೋಗಿ ಮನೆಯ ಊಟ ಮಾಡುತ್ತಿದ್ದರು. ನಾಳೆಯಿಂದ ಬರುವುದಿಲ್ಲವೆಂದರೆ ಅನ್ನ ತಪ್ಪುತ್ತಿರಲಿಲ್ಲ. ಮೂರನೆಯದು, ಹಿಂಡಿಕೊಳ್ಳದೆ ತಯಾರಾಗಬೇಕೆಂಬುದು ಅವರ ಧೋರಣೆ. ಸ್ನೆಲ್ ಮುಂದೆ ಅಮೆರಿಕಕ್ಕೆ ಬಂದು ವ್ಯಾಯಾಮ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಡಲ್ಲಾಸ್‌ನಲ್ಲಿ ಸಂಶೋಧಕರಾಗಿ ದುಡಿದು, 80ರ ವಯಸ್ಸು ಕಂಡರು.

ಅದೇ ಲಿಡಿಯಾರ್ಡ್ ಹೃದಯಾಘಾತವಾದವರನ್ನೂ ಸೇರಿಸಿಕೊಂಡು ನಿಧಾನ ಓಟದ ಗುಂಪು ಕಟ್ಟಿದರು. ಆರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬವರ್‌ಮನ್ ನ್ಯೂಜಿಲೆಂಡಿಗೆ ಹೋಗಿದ್ದಾಗ, ತಮಗಿಂತ ಬಹಳ ಹಿರಿಯರಾದ ಅಂಥ ಒಬ್ಬರ ಜೊತೆ ಓಡಲಾರದೆ ಏದುಸಿರು ಬಿಟ್ಟರು. ಮರಳಿ ಬಂದು ಒಬ್ಬ ಹೃದ್ರೋಗ ತಜ್ಞರೊಡನೆ 1967ರಲ್ಲಿ ಜಾಗಿಂಗ್ ಕುರಿತು ಪುಸ್ತಕ ಬರೆದರು. ಈ ದೇಶಕ್ಕೆ ಜಾಗಿಂಗ್ ಹುಚ್ಚು ಹಿಡಿಸಿದ್ದರಲ್ಲಿ ಆ ಪುಸ್ತಕದ ಪಾತ್ರ ದೊಡ್ಡದು. ಒಂದು ದಿನ ಕಷ್ಟದ ಓಟ, ಮರುದಿನ ಹಗುರ ಓಟ ಎಂಬುದು ಬವರ್‌ಮನ್ ಕಲಿಸಿದ ನಿಯಮ. ನೈಕಿ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಇವರೇ. ಆ ಹೆಸರು ಈ ಲೇಖನದಲ್ಲಿ ಮತ್ತೆ ಬರಲಿದೆ.

ಲಿಯಾವೊನಿಂಗ್: ಮಾ ಅವರ ಪಡೆ

1993ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತದ ಹುಡುಗಿಯರು ಜಗತ್ತನ್ನು ಬೆರಗುಗೊಳಿಸಿದರು. ಆಗಸ್ಟಿನಲ್ಲಿ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500, 3000 ಮತ್ತು 10,000 ಮೀಟರ್ ಮೂರೂ ಚಿನ್ನ ಅವರದಾಯಿತು. 3000 ಮೀಟರಿನಲ್ಲಿ ಮೂರು ಪದಕವೂ ಅವರಿಗೇ. ಸೆಪ್ಟೆಂಬರಿನಲ್ಲಿ ಬೀಜಿಂಗ್‌ನಲ್ಲಿ ಇಪ್ಪತ್ತರ ಹರೆಯದ ವಾಂಗ್ ಜುನ್‌ಷಿಯಾ 10,000 ಮೀಟರನ್ನು 29 ನಿಮಿಷ 31.78 ಸೆಕೆಂಡುಗಳಲ್ಲಿ ಓಡಿ ಹಿಂದಿನ ದಾಖಲೆಯನ್ನು ಸುಮಾರು 42 ಸೆಕೆಂಡುಗಳಷ್ಟು ಇಳಿಸಿದರು. ಅದನ್ನು ಮುರಿಯಲು 2016ರವರೆಗೆ ಯಾರಿಗೂ ಆಗಲಿಲ್ಲ.

ಇವರ ಕೋಚ್ ಮಾ ಜುನ್‌ರೆನ್. ಹೆಚ್ಚುಕಡಿಮೆ ದಿನಕ್ಕೊಂದು ಮ್ಯಾರಥಾನ್‌ನಷ್ಟು ಓಟ, ಎತ್ತರದ ಪ್ರದೇಶದಲ್ಲಿ ತರಬೇತಿ, ಆಮೆಯ ರಕ್ತ, ಒಂದು ಬಗೆಯ ಕಂಬಳಿಹುಳು ಶಿಲೀಂಧ್ರದ ಕಷಾಯ, ಇವು ತಮ್ಮ ಗುಟ್ಟು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಲೋಕವೂ ಆಮೆಯ ರಕ್ತದ ಸುತ್ತಲೇ ಚರ್ಚೆ ಮಾಡಿತು. ನನಗೆ ಮುಖ್ಯವೆನಿಸುವುದು ಬೇರೆ ವಿವರಗಳು: ಕೂದಲು ಗಿಡ್ಡವಾಗಿರಬೇಕು, ಅಲಂಕಾರ ಕೂಡದು, ಹುಡುಗರೊಡನೆ ಸ್ನೇಹ ಕೂಡದು, ಬಹುಮಾನದ ಹಣ ಕೋಚ್ ಕೈಯಲ್ಲಿ, ತಪ್ಪಿದರೆ ಹೊಡೆತ. 1994ರ ಕೊನೆಗೆ ವಾಂಗ್ ಮುಂದಾಳತ್ವದಲ್ಲಿ ಹುಡುಗಿಯರು ಒಟ್ಟಾಗಿ ಶಿಬಿರ ಬಿಟ್ಟು ಹೊರಬಂದರು. ಅವರು ಓಟವನ್ನು ಬಿಡಲಿಲ್ಲ, ಕೋಚನ್ನು ಬಿಟ್ಟರು. ಬೇರೆ ಕೋಚ್ ಹತ್ತಿರ ಕಲಿತ ವಾಂಗ್ 1996ರ ಅಟ್ಲಾಂಟಾದಲ್ಲಿ 5000 ಮೀಟರ್ ಚಿನ್ನ, 10,000 ಮೀಟರ್ ಬೆಳ್ಳಿ ಗೆದ್ದರು.

2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮೊದಲು ರಕ್ತ ಪರೀಕ್ಷೆಗಳ ನಂತರ ಮಾ ಅವರ ಏಳು ಓಟಗಾರ್ತಿಯರಲ್ಲಿ ಆರು ಮಂದಿಯನ್ನು ಚೀನಾ ತಂಡದಿಂದ ಕೈಬಿಟ್ಟಿತು. ವಾಂಗ್ ಮತ್ತು ಜೊತೆಯವರು ಒಬ್ಬ ಪತ್ರಕರ್ತರಿಗೆ 1995ರಲ್ಲಿ ಬರೆದರೆನ್ನಲಾದ ಪತ್ರ 2016ರಲ್ಲಿ ಚೀನಾದ ಮಾಧ್ಯಮದಲ್ಲಿ ಪ್ರಕಟವಾಯಿತು. ನಿಷೇಧಿತ ಮದ್ದುಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವಂತೆ ಬಲವಂತ ಮಾಡಲಾಗಿತ್ತು ಎಂಬ ದೂರು ಅದರಲ್ಲಿತ್ತು. ಮಾ ಇಂಥ ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದವರು. ಮದ್ದಿನ ವಿಚಾರವನ್ನು ಬದಿಗಿಟ್ಟು ನೋಡಿದರೂ, ಊಟ, ಕೂದಲು, ಹಣ, ಸ್ನೇಹ ಎಲ್ಲವೂ ಒಬ್ಬನ ಮುಷ್ಟಿಯಲ್ಲಿರುವಾಗ, ಕೊಟ್ಟ ಮಾತ್ರೆ ನುಂಗುವುದಿಲ್ಲ ಎನ್ನುವ ಹುಡುಗಿ ಎಲ್ಲಿಂದ ಬರಬೇಕು?

ಭುವನೇಶ್ವರ: ನಾಲ್ಕು ವರ್ಷದ ಓಟಗಾರ

ನಮ್ಮ ದೇಶದ ಕಥೆ ಇನ್ನೂ ಎಳೆಯ ಕಾಲುಗಳದು. ಒಡಿಶಾದ ಬುಧಿಯಾ ಸಿಂಗ್ ಭುವನೇಶ್ವರದ ಕೊಳೆಗೇರಿಯ ಹುಡುಗ. ಬಡತನದಿಂದ ತಾಯಿ ಅವನನ್ನು 800 ರೂಪಾಯಿಗೆ ಒಬ್ಬ ಬೀದಿ ವ್ಯಾಪಾರಿಗೆ ಕೊಟ್ಟಿದ್ದಳು. ಜೂಡೊ ಕೋಚ್ ಬಿರಂಚಿ ದಾಸ್ ಅವನನ್ನು ಬಿಡಿಸಿಕೊಂಡು ಬಂದು ಸಾಕಿದರು. ಒಮ್ಮೆ ಕೆಟ್ಟ ಮಾತಾಡಿದ್ದಕ್ಕೆ ಶಿಕ್ಷೆಯಾಗಿ ಮೈದಾನ ಸುತ್ತಲು ಹೇಳಿ ಹೋದರೆ, ಗಂಟೆಗಳ ನಂತರ ಬಂದು ನೋಡಿದಾಗಲೂ ಹುಡುಗ ಓಡುತ್ತಲೇ ಇದ್ದ ಎಂದು ದಾಸ್ ಹೇಳುತ್ತಿದ್ದರು. ಇದನ್ನು ಪ್ರತಿಭೆಯ ಕಥೆಯಾಗಿ ಎಲ್ಲರೂ ಹೇಳಿದರು. ನಿಲ್ಲಬಹುದೆಂದು ಯಾರೂ ಹೇಳಿರದ ಮಗು ಅದು ಎಂದು ನಾನು ಓದುತ್ತೇನೆ.

2006ರ ಮೇ 2ರಂದು, ಬೇಸಿಗೆಯ ಬಿಸಿಲಲ್ಲಿ, ನಾಲ್ಕು ವರ್ಷದ ಬುಧಿಯಾ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿ.ಮೀ. ದೂರವನ್ನು 7 ಗಂಟೆ 2 ನಿಮಿಷಗಳಲ್ಲಿ ಓಡಿದ. ಗುರಿ 70 ಕಿ.ಮೀ. ಇತ್ತು, ಕೊನೆಗೆ ವಾಂತಿಯಾಗಿ ಮುಂದೆ ಓಡಲಾಗಲಿಲ್ಲ. ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರು ಬಂತು. ವೈದ್ಯರ ತಪಾಸಣೆಯಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಕಂಡವು. ಸರ್ಕಾರ ದೂರದ ಓಟವನ್ನು ನಿಷೇಧಿಸಿತು. 2007ರಲ್ಲಿ ಹುಡುಗ ಕ್ರೀಡಾ ವಸತಿ ನಿಲಯಕ್ಕೆ ಬಂದ. 2008ರ ಏಪ್ರಿಲ್‌ನಲ್ಲಿ ದಾಸ್ ಬೇರೊಂದು ಕಾರಣಕ್ಕೆ ಗುಂಡೇಟಿಗೆ ಬಲಿಯಾದರು. ದೊಡ್ಡವನಾದ ಬುಧಿಯಾ ಮ್ಯಾರಥಾನ್ ತಾರೆಯಾಗಲಿಲ್ಲ. 2016ರಲ್ಲಿ ಅವನ ಕುರಿತ ಹಿಂದಿ ಚಲನಚಿತ್ರ ತೆರೆಕಂಡಿತು.

ದಾಸ್ ರಾಕ್ಷಸರೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಮಗುವಿಗೆ ಅನ್ನ, ಸೂರು ಕೊಟ್ಟವರೂ ಅವರೇ. ಕೋಚ್, ಮಂತ್ರಿ, ಟಿವಿಯವರು, ತಾಯಿ, ವೈದ್ಯರು, ಎಲ್ಲರೂ ಮಗುವಿನ ಪರವಾಗಿ ಮಾತಾಡಿದರು. ಓಡಿದರಷ್ಟೇ ಅನ್ನವೆಂದು ತಿಳಿದ ನಾಲ್ಕು ವರ್ಷದ ಮಗುವಿಗೆ "ಓಡಲು ಇಷ್ಟವೇ" ಎಂದು ಕೇಳಿದರೆ ಇಷ್ಟವೆಂದೇ ಹೇಳುತ್ತದೆ. ಆ ಉತ್ತರವನ್ನು ಒಪ್ಪಿಗೆ ಎಂದು ಎಣಿಸಲಾಗದು.

ಆರೆಗಾನ್: ತಕ್ಕಡಿಯ ಮುಂದೆ

ಬಡತನವಿಲ್ಲದ ಕಡೆ ಹೀಗಾಗುವುದಿಲ್ಲವೆಂದು ಭಾವಿಸುವವರಿಗೆ ಮೇರಿ ಕೇನ್ ಉತ್ತರ. ನ್ಯೂಯಾರ್ಕಿನ ಈ ಹುಡುಗಿ 2013ರಲ್ಲಿ 17ನೇ ವಯಸ್ಸಿಗೆ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ತಲುಪಿದಳು. ಬವರ್‌ಮನ್ ಸ್ಥಾಪಿಸಿದ ಅದೇ ಕಂಪನಿಯ ನೈಕಿ ಆರೆಗಾನ್ ಪ್ರಾಜೆಕ್ಟ್ ಸೇರಿದಳು. ಅಲ್ಲಿ ಕೋಚ್ ಆಲ್ಬರ್ಟೊ ಸಲಜಾರ್.

ಸಲಜಾರ್ ತಮ್ಮ ದೇಹವನ್ನೂ ಉಳಿಸಿಕೊಂಡವರಲ್ಲ. 1978ರ ಒಂದು ಓಟದ ಕೊನೆಗೆ ಮೈ ಕಾವು 108 ಡಿಗ್ರಿಗೆ ಏರಿ, ಪಾದ್ರಿ ಅಂತ್ಯಸಂಸ್ಕಾರದ ಪ್ರಾರ್ಥನೆ ಹೇಳುವ ಸ್ಥಿತಿಗೆ ಹೋಗಿದ್ದರು. 1982ರ ಬಾಸ್ಟನ್ ಮ್ಯಾರಥಾನ್ ಗೆದ್ದ ಮೇಲೆ ಆರು ಲೀಟರ್ ಸಲೈನ್ ಕೊಡಬೇಕಾಯಿತು. 2007ರಲ್ಲಿ ಅವರ ಹೃದಯ 14 ನಿಮಿಷ ನಿಂತು ಮತ್ತೆ ಬಡಿಯಿತು. ತನಗೆ ದಕ್ಕಿದ್ದು ಎಲ್ಲರಿಗೂ ದಕ್ಕುತ್ತದೆಂದು ನಂಬಿದ ಗುರು ಶಿಷ್ಯರಿಗೆ ಅಪಾಯಕಾರಿ.

2019ರ ನವೆಂಬರಿನಲ್ಲಿ ಮೇರಿ ಕೇನ್ ನ್ಯೂಯಾರ್ಕ್ ಟೈಮ್ಸ್ ಮೂಲಕ ತನ್ನ ಅನುಭವ ಹೇಳಿದಳು: ತೂಕ 114 ಪೌಂಡಿಗೆ ಇಳಿಯಲೇಬೇಕೆಂಬ ಒತ್ತಾಯ, ಜೊತೆಯವರ ಮುಂದೆಯೇ ತಕ್ಕಡಿ ಹತ್ತಿಸಿ ಅವಮಾನ, ಮೂರು ವರ್ಷ ಮುಟ್ಟು ನಿಂತದ್ದು, ಐದು ಮೂಳೆ ಮುರಿದದ್ದು, ಸಾಯುವ ಯೋಚನೆ. ಸಲಜಾರ್ ಈ ಆರೋಪಗಳನ್ನು ಒಪ್ಪಲಿಲ್ಲ. ಅದಕ್ಕೂ ಸ್ವಲ್ಪ ಮೊದಲೇ ಉದ್ದೀಪನ ಮದ್ದಿನ ನಿಯಮಗಳ ಉಲ್ಲಂಘನೆಗಾಗಿ ಅವರಿಗೆ ನಾಲ್ಕು ವರ್ಷ ನಿಷೇಧ ಬಿದ್ದಿತ್ತು, ನೈಕಿ ಆ ಯೋಜನೆಯನ್ನೇ ಮುಚ್ಚಿತ್ತು. 2021ರಲ್ಲಿ ಅಮೆರಿಕದ ಸೇಫ್‌ಸ್ಪೋರ್ಟ್ ಕೇಂದ್ರ ದುರ್ವರ್ತನೆಯ ಕಾರಣಕ್ಕೆ ಅವರನ್ನು ಶಾಶ್ವತವಾಗಿ ಅನರ್ಹಗೊಳಿಸಿತು. ಕೇನ್ ಹೂಡಿದ ದಾವೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು.

ದೇಹದ ಲೆಕ್ಕಪತ್ರ

ಮುಟ್ಟು ನಿಲ್ಲುವುದಕ್ಕೂ ಮೂಳೆ ಮುರಿಯುವುದಕ್ಕೂ ಏನು ಸಂಬಂಧ? ದೇಹವನ್ನು ಸಂಬಳದ ಮೇಲೆ ನಡೆಯುವ ಸಂಸಾರವೆಂದುಕೊಳ್ಳಿ. ಊಟ ಸಂಬಳ, ಓಟ ಬಾಡಿಗೆ. ಬಾಡಿಗೆಯೇ ಮುಕ್ಕಾಲು ಪಾಲು ನುಂಗಿದರೆ ಮನೆಯೊಡತಿ ಮೊದಲು ತಕ್ಷಣಕ್ಕೆ ಬೇಡವಾದದ್ದನ್ನು ನಿಲ್ಲಿಸುತ್ತಾಳೆ. ದೇಹವೂ ಹಾಗೆಯೇ. ಹೃದಯ, ಮೆದುಳು ನಡೆಯಲೇಬೇಕು. ಮುಟ್ಟು, ಬೆಳವಣಿಗೆ, ಮೂಳೆ ಕಟ್ಟುವ ಕೆಲಸಗಳನ್ನು ಮುಂದೂಡುತ್ತದೆ. ಈಸ್ಟ್ರೊಜೆನ್ ಇಳಿದಾಗ ಮೂಳೆ ಸವೆಯುತ್ತದೆ. ಜೀವಮಾನಕ್ಕೆಲ್ಲ ಬೇಕಾದ ಮೂಳೆಯ ಠೇವಣಿಯಲ್ಲಿ ಬಹುಪಾಲು ಇಪ್ಪತ್ತರೊಳಗೇ ಕೂಡುವಂಥದು. ಆ ವರ್ಷಗಳಲ್ಲಿ ಆದ ನಷ್ಟವನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

1984ರಲ್ಲಿ ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತ ಇಪ್ಪತ್ತೈದರ ಆಸುಪಾಸಿನ ಕ್ರೀಡಾಪಟುಗಳ ಬೆನ್ನುಮೂಳೆ 51 ವರ್ಷದ ಹೆಂಗಸರ ಬೆನ್ನುಮೂಳೆಯಷ್ಟೇ ಖನಿಜಾಂಶ ಹೊಂದಿತ್ತು. 1990ರ ದಶಕದಲ್ಲಿ ಊಟದ ಕೊರತೆ, ಮುಟ್ಟಿನ ಏರುಪೇರು, ಮೂಳೆ ಸವೆತ ಮೂರನ್ನೂ ಸೇರಿಸಿ ವೈದ್ಯಲೋಕ ಒಂದು ಹೆಸರು ಕೊಟ್ಟಿತು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದು ಹುಡುಗರನ್ನೂ ಕಾಡುತ್ತದೆಂದು ಸೇರಿಸಿದರು. ಹುಡುಗರಲ್ಲಿ ಮುಟ್ಟಿನಂತಹ ಎಚ್ಚರಿಕೆಯ ಗಂಟೆ ಇಲ್ಲದ್ದರಿಂದ ಗೊತ್ತಾಗುವುದು ಇನ್ನೂ ತಡ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕಠಿಣ ತರಬೇತಿಯ ಪರವಾಗಿ ಹೇಳುವವರಿದ್ದಾರೆ. ಮಕ್ಕಳ ಮೂಳೆ ನಿಜಕ್ಕೂ ಹಸಿ ಕಡ್ಡಿಯಂತೆ ಬಗ್ಗುತ್ತದೆ. ಒಂದು ಮಗ್ಗುಲು ಬಗ್ಗಿ ಇನ್ನೊಂದು ಮಗ್ಗುಲು ಸೀಳುವ ಮುರಿತವನ್ನು ನಾವು ಹಸಿಕಡ್ಡಿ ಮುರಿತವೆಂದೇ ಕರೆಯುತ್ತೇವೆ. ಗಾದೆ ಬಗ್ಗಿಸುವುದರ ಬಗ್ಗೆ ಹೇಳುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಬಗ್ಗಿಸುವವನೇ ತಿಳಿದಿರಬೇಕು.

ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಶಾಲಾ ಓಟಗಾರರಲ್ಲಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಎರಡನೇ ಬಾರಿ ಆಗಿ ಬಂದವರಿದ್ದರು. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರೆ ತಾಯಿ ಮಗಳ ಮುಖ ನೋಡುತ್ತಿದ್ದರು, ಮಗಳು ನೆಲ ನೋಡುತ್ತಿದ್ದಳು. ಮುಟ್ಟು ನಿಂತರೆ ತರಬೇತಿ ಚೆನ್ನಾಗಿ ನಡೆಯುತ್ತಿದೆಯೆಂದು ಅರ್ಥ ಎಂಬ ಮಾತನ್ನು ತಂಡದಲ್ಲಿ ಕೇಳಿಕೊಂಡು ಬಂದವರೂ ಇದ್ದರು.

ಗದರಿಸದೆ ಪದಕ ಬರುವುದೇ?

ದಂಡಂ ದಶಗುಣಂ ಎಂದು ಕೇಳಿ ಬೆಳೆದ ಪೀಳಿಗೆ ನಮ್ಮದು. ಗದರಿಸದಿದ್ದರೆ ಮಕ್ಕಳು ಮೇಲೆ ಬರುವುದಿಲ್ಲವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮಾ ಶಿಷ್ಯೆಯರ ದಾಖಲೆ ತೋರಿಸಿ ವಾದ ಮಾಡುವವರಿಗೆ ಕೆನ್ಯಾದ ಇಟೆನ್ ಊರನ್ನು ತೋರಿಸಬಹುದು. ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿ ಕಾಲ್ಮ್ ಒಕಾನೆಲ್ 1976ರಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಭೂಗೋಳದ ಮೇಷ್ಟರಾಗಿ ಬಂದರು. ಓಟದ ತರಬೇತಿ ಅವರು ಕಲಿತದ್ದಲ್ಲ. ಹುಡುಗರನ್ನು ನೋಡಿ ನೋಡಿ ಕಲಿತರು. 1989ರಿಂದ ಎಳೆಯರಿಗಾಗಿ ರಜೆಯ ಶಿಬಿರ ನಡೆಸಿದರು. ಮೆಲ್ಲಗೆ ಓಡುವುದು, ಸಡಿಲವಾಗಿ ಓಡುವುದು ಮೊದಲ ಪಾಠ. ಅವರ ಶಿಷ್ಯ ಡೇವಿಡ್ ರುಡಿಷಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಕೆನ್ಯಾದ ಓಟಗಾರರು ಕಡಿಮೆ ದುಡಿಯುತ್ತಾರೆಂದು ಯಾರೂ ಹೇಳಲಾರರು. ಅಲ್ಲಿ ದುಡಿಮೆ ಇದೆ. ದುಡಿಮೆಗಾಗಿ ಗುರುವಿಗೆ ಹೆದರಲೇಬೇಕಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ತಂದೆತಾಯಿಗಳಿಗೆ ನಾನು ಹೇಳುವುದು ಮೈಲಿಗಳನ್ನು ಎಣಿಸಿ ಎಂದಲ್ಲ. ಕೋಚ್ ತೂಕದ ಬಗ್ಗೆ ಎಲ್ಲರೆದುರು ಮಾತಾಡುತ್ತಾರೆಯೇ, ಕೇಳಿ. ಕಾಲು ನೋವೆಂದು ಹೇಳಿದ ಮಗುವನ್ನು ಆ ದಿನ ಕೂರಿಸುತ್ತಾರೆಯೇ, ಅಥವಾ ನಾಟಕವೆನ್ನುತ್ತಾರೆಯೇ? ಆರು ವಾರ ಗಾಯದಿಂದ ಹೊರಗುಳಿದರೆ ಅವಳು ಇನ್ನೂ ತಂಡದವಳೇ? ಮಗಳಿಗೆ ಮೂರು ತಿಂಗಳು ಮುಟ್ಟಾಗದಿದ್ದರೆ ಅದನ್ನು ಹಬ್ಬದ ಅನುಕೂಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಮಾತಾಡುವಾಗ ಸ್ವಲ್ಪ ಹೊತ್ತು ಕೋಣೆಯ ಹೊರಗೆ ಕೂರಿ. ಮಗ ಓಟಗಾರನಾದ ಮೇಲೆ ಅನ್ನ ಮುಟ್ಟುವುದನ್ನೇ ಬಿಟ್ಟಿದ್ದರೆ ಹೆಮ್ಮೆಪಡಬೇಡಿ.

ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಮುಂದಿನ ವರ್ಷ ಓಡುವುದಿಲ್ಲವೆಂದು ಮಗು ಹೇಳಿದರೆ ಮನೆಯಲ್ಲಿ ಏನಾಗುತ್ತದೆ? ಕಾಲೇಜಿನ ಅರ್ಜಿ, ಸ್ಕಾಲರ್‌ಷಿಪ್, ಇಷ್ಟು ವರ್ಷ ಕಾರು ಓಡಿಸಿದ ನಮ್ಮ ಶನಿವಾರಗಳು, ಇವೆಲ್ಲ ಆ ಮಾತಿಗೆ ಅಡ್ಡ ನಿಲ್ಲುತ್ತವೆಯೇ? ನಿಲ್ಲುವುದಾದರೆ, ಕೋಚ್ ಎಷ್ಟೇ ಒಳ್ಳೆಯವರಿರಲಿ, "ಸಾಕು" ಎನ್ನುವ ಅಧಿಕಾರ ಇನ್ನೂ ಆ ಮಗುವಿನ ಕೈಗೆ ಬಂದಿಲ್ಲ.